ತಲೆ ಆಪರೇಷನ್ ಆದವರ ಬೆನ್ನಿನ ನೀರು: ರಿಪೋರ್ಟ್ ಓದುವುದು ಹೇಗೆ

ಕೋಲಾರದ ಟಮಕದಲ್ಲಿ ಒಟ್ಟಿಗೆ ಓದುವ ನಾವು ನಾಲ್ವರೂ ಈ ಪಾಠದಲ್ಲಿ ಎಡವಿದ್ದು ಒಂದೇ ಕಡೆ. ಮನೆಯಿಂದ ಜ್ವರ ಬಂದು ದಾಖಲಾಗುವವರ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಲೆಕ್ಕವನ್ನೇ ಆಪರೇಷನ್ ಆದವರಿಗೂ ಹಚ್ಚಿಬಿಟ್ಟಿದ್ದೆವು.

ಬುರುಡೆ ತೆರೆದವರಿಗೆ ಜ್ವರ, ತಲೆನೋವು, ಕತ್ತು ಬಿಗಿತ ಮೂರೂ ಸೋಂಕಿಲ್ಲದೆಯೂ ಬರುತ್ತವೆ. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ನಡೆಯುತ್ತಿದ್ದರೆ ಸೋಂಕಿದ್ದೂ ಜ್ವರ ಅಡಗಿರಬಹುದು. ಚೇತರಿಸಿಕೊಳ್ಳುತ್ತಿದ್ದವರು ಮಂಕಾದರೆ, ಗಾಯದಿಂದಲೋ ಮೂಗಿನಿಂದಲೋ ತಿಳಿನೀರು ಸೋರಿದರೆ, ತಲೆಯ ನೀರು ಹೊರಬಿಡುವ ಡ್ರೈನ್ ಟ್ಯೂಬ್ ಇದ್ದರೆ ಅನುಮಾನ ಗಟ್ಟಿಯಾಗಬೇಕು.

ಇನ್ನು ಸಿಎಸ್‌ಎಫ್, ಅಂದರೆ ಮಿದುಳು, ಬೆನ್ನುಹುರಿ ಸುತ್ತ ಇರುವ ಇದೇ ಬೆನ್ನಿನ ನೀರು. ನಮ್ಮ ಕಡೆ ಹೊಸ ಬೋರ್ ಕೊರೆಸಿದ ದಿನ ನೀರು ಕಲ್ಲುಪುಡಿ ಬೆರೆತೇ ಬರುತ್ತೆ, ಅಷ್ಟಕ್ಕೇ ನೀರು ಕೆಟ್ಟಿದೆ ಅಂತ ಯಾರೂ ಅನ್ನಲ್ಲ. ಇದೂ ಹಾಗೇ. ಒಳಗೆ ಒಡೆದ ರಕ್ತ ಮಿದುಳಿನ ಪೊರೆಯನ್ನು ಕೆರಳಿಸಿ ಬಿಳಿಕಣ, ಪ್ರೋಟೀನ್ ಎರಡನ್ನೂ ಏರಿಸುತ್ತೆ. ಇದೇ ಕೆಮಿಕಲ್ ಮೆನಿಂಜೈಟಿಸ್; ತಲೆಯ ಹಿಂಭಾಗದಲ್ಲಿ, ಚಿಕ್ಕಮಿದುಳಿನ ಕಡೆ ಆಪರೇಷನ್ ಆದವರಲ್ಲಿ ಹೆಚ್ಚು.

ನಾವೇ ಕಟ್ಟಿಕೊಂಡ ಲೆಕ್ಕ ನೋಡಿ. ಕೆಂಪುಕಣ 70,000, ಬಿಳಿಕಣ 900. ರಕ್ತ ಬೆರೆತದ್ದಕ್ಕೆ ಸುಮಾರು 700 ಕೆಂಪುಕಣಕ್ಕೆ 1 ಬಿಳಿಕಣ ಕಳೆದರೆ 800 ಉಳಿಯುತ್ತೆ. ಸೋಂಕೇ ಅನ್ನೋಣವೇ? ಆಗಲ್ಲ, ಕೆಮಿಕಲ್ ಮೆನಿಂಜೈಟಿಸ್‌ನಲ್ಲೂ ಇಷ್ಟು ಬರಬಹುದು. ಗ್ಲೂಕೋಸ್ 38 ಮಿ.ಗ್ರಾಂ: ಸ್ವಲ್ಪ ಕಮ್ಮಿ, ಅಷ್ಟೇ ಅನಿಸುತ್ತೆ. ಅದೇ ಹೊತ್ತಿಗೆ ತೆಗೆದ ರಕ್ತದ ಶುಗರ್ 190 (ಸ್ಟಿರಾಯ್ಡ್ ಪ್ರಭಾವ). ಅನುಪಾತ 0.2! 0.4ಕ್ಕಿಂತ ಕೆಳಗಿಳಿದರೇನೇ ಎಚ್ಚರಾಗಬೇಕು. ರಕ್ತದ ಶುಗರ್ ಜೊತೆಗೇ ತೆಗೆಯದಿದ್ದರೆ ಆ 38ಕ್ಕೆ ಅರ್ಥವೇ ಇಲ್ಲ.

ನನ್ನ ಮಟ್ಟಿಗೆ ಈ ಪಾಠದ ಜೀವ ಲ್ಯಾಕ್ಟೇಟ್, ಅಂದರೆ ಸಕ್ಕರೆ ಒಡೆದಾಗ ಹುಟ್ಟುವ, ಬ್ಯಾಕ್ಟೀರಿಯಾ ಸೋಂಕಿನಲ್ಲಿ ಏರುವ ವಸ್ತು. ಅದು ಸಿಎಸ್‌ಎಫ್‌ನಲ್ಲಿ 4 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಕಲ್ಚರ್‌ಗೆ (ಲ್ಯಾಬ್‌ನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಕಾಯದೆ ಆಂಟಿಬಯೋಟಿಕ್ ಶುರುಮಾಡುವುದನ್ನು ಯೋಚಿಸಿ ಎಂದು 2004ರ ಅಮೆರಿಕದ ಸೋಂಕುರೋಗ ತಜ್ಞರ ಸಂಘದ ಮಾರ್ಗಸೂಚಿ ಹೇಳಿತ್ತು. ಮಿದುಳಿಗೆ ರಕ್ತ ಸಾಲದಾದಾಗಲೂ ಇದು ಏರುತ್ತೆ, ನೆನಪಿರಲಿ.

ಬೆನ್ನಿಗೆ ಸೂಜಿ ಹಾಕುವ ಮುಂಚೆ ತಲೆಯೊಳಗಿನ ಒತ್ತಡ ಹೆಚ್ಚಿಲ್ಲವೆಂದು ಖಾತ್ರಿಯಾಗಬೇಕು, ಸಿಟಿ ಸ್ಕ್ಯಾನ್ ನೋಡಿ. "ಬೆನ್ನಿನ ನೀರು ತೆಗೆದ್ರೆ ಕಾಲು ಬಿದ್ದೋಗುತ್ತಂತಲ್ಲ ಸಾರ್" ಅಂತ ಮನೆಯವರು ಕೇಳೇ ಕೇಳ್ತಾರೆ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಕೆಳಗೆ ಅಂತ ಚಿತ್ರ ಬರೆದು ತೋರಿಸಿ, ಒಪ್ಪುತ್ತಾರೆ.

ಕೊನೇ ಮಾತು ಕಲ್ಚರ್‌ನದು. ಸ್ಟೆಫಿಲೋಕಾಕಸ್, ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಮೊದಲೇ ಆಂಟಿಬಯೋಟಿಕ್ ಹೋಗಿದ್ದರೆ ಏನೂ ಬೆಳೆಯದೇ ಇರಬಹುದು, ಆ ನೆಗೆಟಿವ್ ನಂಬಬೇಡಿ. ಚರ್ಮದ ಕ್ಯೂಟಿಬ್ಯಾಕ್ಟೀರಿಯಂ ಅಂತೂ ಬಲು ನಿಧಾನಿ. ಅದಕ್ಕೇ ಅದೇ ಸಂಘದ 2017ರ ಮಾರ್ಗಸೂಚಿ ಕಲ್ಚರನ್ನು ಕನಿಷ್ಠ 10 ದಿನ ಇಡಿ ಅನ್ನುತ್ತೆ. ಲ್ಯಾಬ್ ಫಾರಂ ಮೇಲೆ "ತಲೆ ಆಪರೇಷನ್ ಆದ ರೋಗಿ, 10 ದಿನ ಇಡಿ" ಎಂದು ಕೈಯಾರೆ ಬರೆಯಿರಿ. ಇಲ್ಲದಿದ್ದರೆ ಅವರು ಮಾಮೂಲಿನಂತೆ ಮೊದಲೇ ಎತ್ತಿಬಿಡುತ್ತಾರೆ.