ಶಾಕ್ ಬದಲಿಸುವಾಗ ಸ್ಪ್ರಿಂಗನ್ನು ಬಿಟ್ಟರೆ ಕೆಲಸ ಅರ್ಧವೇ

ಮಳೆಗಾಲ ಮುಗಿದು ನವರಾತ್ರಿ ಹತ್ತಿರ ಬರುವಾಗ ಕಾಸರಗೋಡಿನ ಗ್ಯಾರೇಜುಗಳಿಗೆ ಬರುವ ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ. "ಹಂಪ್ ಇಳಿಯುವಾಗ ಎದುರು ಟಕ್ ಟಕ್ ಹೇಳ್ತದೆ." "ತಿರುವಿನಲ್ಲಿ ಹಿಂದೆ ಎಳೆದ ಹಾಗೆ ಆಗ್ತದೆ." "ಮೊದಲಿನ ಹಾಗೆ ರಸ್ತೆ ಹಿಡಿಯುದಿಲ್ಲ ಮಾರಾಯ್ರೇ." ಪೋಲೊ ಜಿಟಿ, ಅಬಾರ್ತ್ ಪುಂಟೊದಂಥ ಸಣ್ಣ, ಚುರುಕಿನ ಗಾಡಿ ಇಟ್ಟುಕೊಂಡವರಿಗೆ ಇದು ಇನ್ನೂ ಬೇಗ ಗೊತ್ತಾಗುತ್ತದೆ. ಚೆರ್ಕಳದಿಂದ ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿಗೆ ಹೋಗುವ ರಸ್ತೆಯ ತಿರುವುಗಳನ್ನು ಆಸೆಪಟ್ಟು ಓಡಿಸುವವರು ಅವರು. ಗಾಡಿ ಎಲ್ಲಿ ಬದಲಾಯಿತು ಎಂದು ಅವರ ಕೈಗೆ ತಿಳಿಯುತ್ತದೆ.

ಹಾಗೆ ಬಂದವರಲ್ಲಿ ಹೆಚ್ಚಿನವರು ಕೇಳುವುದು "ಶಾಕ್ ಬದಲಿಸಿ ಕೊಡಿ" ಎಂದು ಮಾತ್ರ. ಶಾಕ್ ಅಂದರೆ ಚಕ್ರದ ಬಳಿ ಇರುವ ಶಾಕ್ ಅಬ್ಸಾರ್ಬರ್. ಸ್ಪ್ರಿಂಗಿನ ಸುದ್ದಿ ಯಾರೂ ಎತ್ತುವುದಿಲ್ಲ. ಕಬ್ಬಿಣ ಅಲ್ಲವಾ, ಅದಕ್ಕೆ ಎಂತ ಆಗ್ತದೆ ಎಂಬ ಧೈರ್ಯ. ನಮ್ಮ ಕರಾವಳಿಯಲ್ಲಿ ಮಾತ್ರ ಆ ಧೈರ್ಯ ಸಲ್ಲದು.

ಎರಡರ ಕೆಲಸ ಬೇರೆ ಬೇರೆ. ಗಾಡಿಯ ಭಾರ ಹೊರುವುದು ಸ್ಪ್ರಿಂಗು. ಹೊಂಡಕ್ಕೆ ಚಕ್ರ ಬಿದ್ದಾಗ ಆ ಹೊಡೆತವನ್ನು ನುಂಗುವುದೂ ಅದೇ. ಆದರೆ ನುಂಗಿದ್ದನ್ನು ಅದು ಇಟ್ಟುಕೊಳ್ಳುವುದಿಲ್ಲ, ತಿರುಗಿ ಕೊಡುತ್ತದೆ. ಗಾಡಿ ಮೇಲೆ ಕೆಳಗೆ ಕುಣಿಯುವುದು ಅದರಿಂದ. ಆ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕ್. ಒಳಗೆ ಎಣ್ಣೆ, ಪಿಸ್ಟನ್ನು, ಸಣ್ಣ ಸಣ್ಣ ವಾಲ್ವುಗಳು. ಎಣ್ಣೆ ಆ ಕಿಂಡಿಗಳಲ್ಲಿ ನುಗ್ಗಿ ಹೋಗುವಾಗ ಚಲನೆ ಬಿಸಿಯಾಗಿ ಬದಲಾಗುತ್ತದೆ. ಕೆಟ್ಟ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ಬಂದು ಶಾಕ್ ಮುಟ್ಟಿ ನೋಡಿದರೆ ಬೆಚ್ಚಗಿರುವುದು ಇದಕ್ಕೇ. ನಾಲ್ಕರಲ್ಲಿ ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲ ಎಂಬ ಅನುಮಾನ ಪಡಬಹುದು.

ಶಾಕ್ ಸೋತಾಗ ಗಾಡಿಯ ಬಾಡಿ ತೂಗುವುದು ಎಲ್ಲರಿಗೂ ಕಾಣುತ್ತದೆ, ಚಕ್ರ ಕುಣಿಯುವುದು ಕಾಣುವುದಿಲ್ಲ. ಬಾಡಿ ಸೆಕೆಂಡಿಗೆ ಒಂದೆರಡು ಸಲ ತೂಗಿದರೆ, ಹಿಡಿತ ತಪ್ಪಿದ ಚಕ್ರ ಅದೇ ಸೆಕೆಂಡಿನಲ್ಲಿ ಹತ್ತು ಹನ್ನೆರಡು ಸಲ ಹಾರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಅಂದರೆ ಹೆಚ್ಚುಕಡಿಮೆ ಒಂದೂವರೆ ಮೀಟರಿಗೊಮ್ಮೆ ಟಯರಿನ ಹಿಡಿತ ಸಡಿಲವಾಗುತ್ತದೆ. ಮಳೆಯಲ್ಲಿ ಬ್ರೇಕ್ ಹಾಕುವಾಗ ಇದರ ಅರ್ಥ ಏನು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಟಯರಿನ ಮೈಮೇಲೆ ಅಂಗೈ ಸವರಿದಾಗ ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದದ್ದು ಸಿಕ್ಕಿದರೆ ಅದು ಈ ಹಾರಾಟದ ಗುರುತು. ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ತಪ್ಪಿದರೆ ಟಯರು ಒಂದು ಅಂಚಿನಲ್ಲಿ ಸವೆಯುತ್ತದೆ. ಹೀಗೆ ತಗ್ಗು ಬೀಳುವುದು ಬೇರೆ.

ಬೋನೆಟ್ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಕ್ರಮ ನಮ್ಮಲ್ಲಿ ಬಹಳ ಇದೆ. ಪೂರ್ತಿ ಸತ್ತ ಶಾಕನ್ನು ಅದು ಹಿಡಿದು ಕೊಡುತ್ತದೆ, ಅರ್ಧ ಸೋತದ್ದನ್ನು ಹಿಡಿಯುವುದಿಲ್ಲ. ಕೈಯಿಂದ ಒತ್ತುವ ವೇಗವೂ ಹೊಂಡಕ್ಕೆ ಬೀಳುವ ಚಕ್ರದ ವೇಗವೂ ಒಂದಲ್ಲ. ನಾನು ಮೊದಲು ನೋಡುವುದು ಎಣ್ಣೆ. ಶಾಕಿನ ರಾಡು ಹೊರಬರುವ ಬಾಯಿಯ ಸೀಲಿನ ಹತ್ತಿರ ತೆಳ್ಳಗೆ ಜಿಡ್ಡು ಕಂಡರೆ ಗಾಬರಿ ಬೇಡ, ರಾಡಿನ ಜೊತೆ ಅಷ್ಟು ಎಣ್ಣೆ ಹೊರಗೆ ಬರುವುದು ಸಹಜ. ಎಣ್ಣೆ ಕೆಳಗಿನವರೆಗೆ ಹರಿದು ಅದರ ಮೇಲೆ ನಮ್ಮ ಕೆಂಪು ಮಣ್ಣು ಮೆತ್ತಿಕೊಂಡಿದ್ದರೆ ಆ ಶಾಕಿನ ಆಯುಷ್ಯ ಮುಗಿಯಿತು. ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದು ಕೇಳುವವರಿಗೆ ಒಂದು ಅಂಕೆ ಕೊಡಲು ಬರುವುದಿಲ್ಲ. 50,000 ದಾಟಿದ ಗಾಡಿಯಾದರೆ ಪ್ರತಿ ಸರ್ವಿಸಿನಲ್ಲೂ ಬಿಚ್ಚದೆಯೇ ಒಮ್ಮೆ ನೋಡುತ್ತೇನೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಅಗಲವಾಗುತ್ತಿದ್ದ ವರ್ಷಗಳಲ್ಲಿ ಸರ್ವಿಸ್ ರಸ್ತೆಯ ಹೊಂಡಗಳಲ್ಲಿ ದಿನಾ ಓಡಿದ ಗಾಡಿಗೆ ಪುಸ್ತಕದ ಲೆಕ್ಕ ಹೊಂದುವುದಿಲ್ಲ.

ಇನ್ನು ಸ್ಪ್ರಿಂಗು. ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲು, ಹೀಗೆ ಕಡಲ ಬದಿಯಲ್ಲಿ ನಿಲ್ಲುವ ಗಾಡಿಗಳ ಅಡಿಭಾಗಕ್ಕೆ ಉಪ್ಪುಗಾಳಿ ವರ್ಷಪೂರ್ತಿ ತಾಗುತ್ತದೆ. ಸ್ಪ್ರಿಂಗಿನ ಮೇಲಿನ ಪೇಂಟು ಗಟ್ಟಿಯೇ, ಆದರೆ ಜಲ್ಲಿಕಲ್ಲು ಹಾರಿ ಹೊಡೆದ ಜಾಗದಲ್ಲಿ ಅದು ಎದ್ದು ಹೋಗುತ್ತದೆ. ಅಲ್ಲಿಂದ ತುಕ್ಕು ಒಳಗೆ ಸೇರುತ್ತದೆ. ಎಲ್ಲಕ್ಕಿಂತ ಕೆಟ್ಟ ಜಾಗ ಕೆಳಗಿನ ಸುತ್ತು ಕೂರುವ ಬಟ್ಟಲು. ಮಣ್ಣು, ಕೊಳೆತ ಎಲೆ, ಮಳೆನೀರು ಅಲ್ಲೇ ನಿಂತು ಡಿಸೆಂಬರಿನವರೆಗೂ ಆರುವುದಿಲ್ಲ.

ತುಕ್ಕು ಎರಡು ರೀತಿಯಲ್ಲಿ ಹಾಳು ಮಾಡುತ್ತದೆ. ಸ್ಪ್ರಿಂಗಿನ ಬಿಗಿ ಅದರ ಸರಳಿನ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಇರುತ್ತದೆ. 12 ಮಿಲಿಮೀಟರಿನ ಸರಳು ಉದ್ದಕ್ಕೂ ತುಕ್ಕು ತಿಂದು ಹನ್ನೊಂದೂವರೆಗೆ ಇಳಿದರೆ ಬಿಗಿ ಸುಮಾರು ಶೇ. 16ರಷ್ಟು ಕಡಿಮೆಯಾಗುತ್ತದೆ. ಕಣ್ಣಿಗೆ ಕಾಣದ ಅರ್ಧ ಮಿಲಿಮೀಟರು! ಅದಕ್ಕಿಂತ ಅಪಾಯದ್ದು ತುಕ್ಕು ಕೊರೆದ ಸಣ್ಣ ಗುಳಿ. ಬಟ್ಟೆಯ ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಕೊಟ್ಟು ಎಳೆದರೆ ಅಲ್ಲಿಂದಲೇ ಹರಿಯುವ ಹಾಗೆ, ಸ್ಪ್ರಿಂಗು ಬಿರುಕು ಬಿಡುವುದು ಆ ಗುಳಿಯಿಂದ. ಒಂದು ದಿನ ಹೊಂಡಕ್ಕೆ ಬಿದ್ದಾಗ ಕೆಳಗಿನ ಸುತ್ತು ತುಂಡಾಗುತ್ತದೆ. ತುಂಡು ಬಟ್ಟಲಿನಲ್ಲೇ ಕೂತಿರುವುದರಿಂದ ಎಷ್ಟೋ ಮಂದಿಗೆ ಗೊತ್ತೇ ಆಗುವುದಿಲ್ಲ. ಗಾಡಿ ಒಂದು ಮೂಲೆಯಲ್ಲಿ ತುಸು ತಗ್ಗುತ್ತದೆ, ತಿರುಗಿಸುವಾಗ ಒಂದು ಸದ್ದು ಬರುತ್ತದೆ, ಅಷ್ಟೆ. ಆದರೆ ಮುಂದಿನ ಚಕ್ರದಲ್ಲಿ ಆ ಬಟ್ಟಲು ಟಯರಿಗೆ ತೀರಾ ಹತ್ತಿರ. ತುಂಡಾದ ಚೂಪು ತುದಿ ಜಾರಿದರೆ ಟಯರಿನ ಬದಿಯನ್ನು ಕೊಯ್ಯುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಸಪಾಟು ನೆಲದಲ್ಲಿ ಗಾಡಿ ನಿಲ್ಲಿಸಿ, ಟಯರಿಗೆ ಸರಿಯಾಗಿ ಗಾಳಿ ತುಂಬಿ, ಚಕ್ರದ ನಡುಭಾಗದಿಂದ ಮೇಲೆ ಫೆಂಡರಿನ ಅಂಚಿನವರೆಗೆ ಟೇಪಿನಿಂದ ಅಳೆಯಿರಿ. ಎಡಕ್ಕೂ ಬಲಕ್ಕೂ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಪ್ರಿಂಗು ನೋಡಿಸಲೇಬೇಕು. ಅಬಾರ್ತ್ ಪುಂಟೊದಂಥ ಗಾಡಿ ಹೊಸದಿರುವಾಗಲೇ ನೆಲದಿಂದ 155 ಮಿಲಿಮೀಟರು ಮಾತ್ರ ಎತ್ತರ. ಅದರಲ್ಲಿ ಒಂದೂವರೆ ಸೆಂಟಿಮೀಟರು ತಗ್ಗಿದರೆ ನಮ್ಮ ಹಂಪುಗಳಲ್ಲಿ ಅಡಿ ತಾಗುವುದು ಮಾತ್ರವಲ್ಲ, ಶಾಕ್ ಒಳಗೆ ಚಲಿಸಲು ಇರುವ ಜಾಗವೇ ಕಡಿಮೆಯಾಗುತ್ತದೆ. ಪದೇ ಪದೇ ಬಂಪ್ ಸ್ಟಾಪಿಗೆ, ಅಂದರೆ ಕೊನೆಯಲ್ಲಿ ತಡೆಯುವ ರಬ್ಬರಿಗೆ, ಹೊಡೆಯುತ್ತದೆ. ಸೋತ ಸ್ಪ್ರಿಂಗಿನ ಮೇಲೆ ಹೊಸ ಶಾಕ್ ಹಾಕಿದರೆ ಅದು ಬೇಗ ಸೋಲುವುದು ಹೀಗೆ. ಹೊಸ ಶಾಕಿಗೆ ಕೊಟ್ಟ ದುಡ್ಡು ಹಳೆಯ ಸ್ಪ್ರಿಂಗಿನಿಂದ ಹಾಳು.

ತಗ್ಗಿಸುವ ಆಸೆಯ ಬಗ್ಗೆಯೂ ಹೇಳಬೇಕು. ಶಾಕ್ ಬಿಚ್ಚಿದ್ದೇವಲ್ಲ, ಹಾಗೇ ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿ ಬಿಡಿ ಎಂದು ಕೇಳುವ ಹುಡುಗರಿದ್ದಾರೆ. ಕೆಲಸ ಮಾಡುವ ಸುತ್ತು ಐದಿದ್ದಲ್ಲಿ ಒಂದನ್ನು ಕತ್ತರಿಸಿದರೆ ಉಳಿದದ್ದು ಕಾಲು ಪಾಲು ಹೆಚ್ಚು ಬಿಗಿಯಾಗುತ್ತದೆ. ಶಾಕಿನ ವಾಲ್ವು ಆ ಬಿಗಿಗೆ ತಕ್ಕದ್ದಲ್ಲ, ಅದು ಹಿಡಿಯಲಾರದು. ಕತ್ತರಿಸಿದ ತುದಿ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಜ್ಯಾಕ್ ಕೊಟ್ಟು ಚಕ್ರ ಇಳಿಬಿಟ್ಟಾಗ ಸ್ಪ್ರಿಂಗು ಸಡಿಲವಾಗಿ ಜಾಗ ಬಿಡುತ್ತದೆ. ಬೆಂಕಿ ಕೊಟ್ಟು ತಗ್ಗಿಸುವುದಂತೂ ಉಕ್ಕಿನ ಹದವನ್ನೇ ಕೊಲ್ಲುವ ಕೆಲಸ. ಇವೆರಡನ್ನೂ ನಾನು ಮಾಡಿ ಕೊಡುವುದಿಲ್ಲ. ಕಾನೂನೂ ಇದೆ. ತಯಾರಕರ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ. ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಅಥವಾ ಎರಡೂ ಇವೆ. ಗಾಡಿಯನ್ನು ಅದು ಹೊಸತರಲ್ಲಿ ಇದ್ದ ಎತ್ತರಕ್ಕೆ ತಂದು ನಿಲ್ಲಿಸಿ ಒಮ್ಮೆ ಓಡಿಸಿ ನೋಡಿ ಎಂದು ಅಂಥವರಿಗೆ ಹೇಳುತ್ತೇನೆ. ಎಷ್ಟೋ ಜನ ತಾವು ಕೊಂಡ ಗಾಡಿಯ ನಿಜವಾದ ನಡೆಯನ್ನು ಮರೆತೇ ಬಿಟ್ಟಿರುತ್ತಾರೆ.

ಸಾಮಾನು ತರುವಾಗ ಎರಡು ಶಾಕ್ ಒಟ್ಟಿಗೆ. ಎಡದ್ದು ಮಾತ್ರ ಸೋರಿದರೂ ಮುಂದಿನ ಜೋಡಿಯನ್ನೇ ಬದಲಿಸಬೇಕು, ಇಲ್ಲವಾದರೆ ಬ್ರೇಕ್ ಹಾಕುವಾಗ ಗಾಡಿ ಒಂದು ಬದಿಗೆ ವಾಲುತ್ತದೆ. ಸ್ಪ್ರಿಂಗೂ ಜೋಡಿಯೇ. ಜೊತೆಗೆ ಮೇಲಿನ ಮೌಂಟಿಂಗ್, ಮುಂದಿನದಕ್ಕೆ ಅದರ ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ರಬ್ಬರ್, ಹೊಸ ಲಾಕ್ ನಟ್ಟು. ಇವುಗಳ ಬೆಲೆ ಶಾಕಿನ ಮುಂದೆ ಸಣ್ಣದು, ಕೂಲಿ ಮಾತ್ರ ಎರಡನೇ ಸಲವೂ ಅಷ್ಟೇ ಬೀಳುತ್ತದೆ. ಹಳೆಯ ಶಾಕ್ ಉಜ್ಜಿ, ಕಪ್ಪು ಪೇಂಟ್ ಹೊಡೆದು, ಯಾವುದೋ ಎಣ್ಣೆ ತುಂಬಿಸಿ ಮಾರುವ ರೀಕಂಡೀಷನ್ ಮಾಲು ಅರ್ಧ ಬೆಲೆಗೆ ಸಿಗುತ್ತದೆ. ಸಣ್ಣ ಸ್ಪೋರ್ಟ್ಸ್ ಕಾರಿಗೆ ಅದನ್ನು ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒಳಗಿನ ವಾಲ್ವು ಯಾವುದೆಂದು ಮಾರುವವರಿಗೇ ಗೊತ್ತಿರುವುದಿಲ್ಲ.

ಕೆಲಸಕ್ಕೆ ಬಂದರೆ, ಕಡಲ ಬದಿಯ ಗಾಡಿಯ ಬೋಲ್ಟುಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟರೆ ಮರುದಿನ ಜಗಳ ಕಡಿಮೆ. ಚಕ್ರದ ಜೋಡಣೆ ಬಿಚ್ಚಿದಾಗ ಅದು ಬ್ರೇಕ್ ಹೋಸಿನಲ್ಲಿ ನೇತಾಡಬಾರದು, ಸರಿಗೆಯಿಂದ ಕಟ್ಟಬೇಕು. ಎಬಿಎಸ್ ವಯರಿನ ಕ್ಲಿಪ್ಪು ಮೊದಲೇ ಬಿಡಿಸಿಕೊಳ್ಳಬೇಕು. ನನ್ನ ಹುಡುಗರಿಗೆ ದಿನಾ ಹೇಳುವ ಮಾತು ಇನ್ನೊಂದಿದೆ: ಸ್ಪ್ರಿಂಗನ್ನು ಕಂಪ್ರೆಸರಿನಲ್ಲಿ (ಅದನ್ನು ಒತ್ತಿ ಹಿಡಿಯುವ ಕ್ಲ್ಯಾಂಪುಗಳ ಜೋಡಿ) ಹಿಡಿಯದೆ ಮೇಲಿನ ನಡುವಿನ ನಟ್ಟಿಗೆ ಸ್ಪ್ಯಾನರ್ ತಾಗಿಸಬಾರದು. ಒಂದು ಮಿಲಿಮೀಟರು ಒತ್ತಲು ಎರಡೂವರೆ ಕಿಲೋ ಬೇಕಾಗುವ ಸ್ಪ್ರಿಂಗು ಎಂದಿಟ್ಟುಕೊಳ್ಳಿ. ಹತ್ತು ಸೆಂಟಿಮೀಟರು ಒತ್ತಿದಾಗ ಅದರಲ್ಲಿ ಕೂತಿರುವುದು 250 ಕಿಲೋ. ಕ್ಲ್ಯಾಂಪುಗಳು ಎದುರುಬದುರಾಗಿ ಇರಬೇಕು, ಅವನ್ನು ಕೈಯಿಂದಲೇ ಒಂದರ ನಂತರ ಒಂದರಂತೆ ಸ್ವಲ್ಪ ಸ್ವಲ್ಪ ಬಿಗಿಯಬೇಕು, ಸ್ಪ್ರಿಂಗಿನ ತುದಿಯ ನೇರಕ್ಕೆ ಮುಖ ಇರಬಾರದು.

ಶಾಕಿನ ಹೊಳೆಯುವ ರಾಡನ್ನು ಇಕ್ಕಳದಲ್ಲಿ ಹಿಡಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಲ್ಲಿನ ಒಂದು ಗೀರು ಸಾಕು, ಪ್ರತಿ ಸಲ ಒಳಗೆ ಹೋಗಿ ಬರುವಾಗ ಸೀಲನ್ನು ಕೊಯ್ದು ಕೆಲವೇ ತಿಂಗಳಲ್ಲಿ ಎಣ್ಣೆ ಸೋರಿಸುತ್ತದೆ. ರಾಡಿನ ತಲೆಯಲ್ಲಿ ಆಲನ್ ಕೀ ಹಾಕಲು ಜಾಗ ಕೊಟ್ಟಿರುವುದು ಇದಕ್ಕಾಗಿಯೇ. ಒಂದರೊಳಗೆ ಒಂದು ಎಂಬಂತೆ ಎರಡು ಕೊಳವೆಯ ಶಾಕ್ ಆದರೆ ಜೋಡಿಸುವ ಮೊದಲು ನೆಟ್ಟಗೆ ನಿಲ್ಲಿಸಿ ನಾಲ್ಕಾರು ಸಲ ಪೂರ್ತಿ ಒತ್ತಿ ಎಳೆಯಬೇಕು. ಪೆಟ್ಟಿಗೆಯಲ್ಲಿ ಮಲಗಿದ್ದಾಗ ಒಳಗೆ ಸೇರಿದ ಗಾಳಿ ಹೋಗುತ್ತದೆ. ಸ್ಪ್ರಿಂಗಿನ ತುದಿ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ಕೂತಿದೆಯೇ ಎಂದು ಬೆರಳು ಹಾಕಿ ನೋಡಬೇಕು.

ಈಗ ಹೆಚ್ಚಿನ ಕಡೆ ಅವಸರದಲ್ಲಿ ತಪ್ಪಿಹೋಗುವ ವಿಷಯ. ಪೋಲೊ, ಪುಂಟೊಗಳಲ್ಲಿ ಹಿಂದಿನ ಶಾಕಿನ ಕೆಳಗಿನ ಬೋಲ್ಟು ರಬ್ಬರ್ ಬುಷ್ಷಿನ ಮೂಲಕ ಹೋಗುತ್ತದೆ. ಆ ಬುಷ್ಷು ತಿರುಗುವುದಿಲ್ಲ. ಒಳಗಿನ ಕೊಳವೆಯನ್ನು ಬೋಲ್ಟು ಬಿಗಿಯಾಗಿ ಹಿಡಿಯುತ್ತದೆ, ನಡುವಿನ ರಬ್ಬರು ತಿರುಚಿಕೊಂಡು ಚಲನೆಗೆ ಜಾಗ ಕೊಡುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ, ಕಿರ್ ಎನ್ನುತ್ತದೆ. ಕೆಳಗಿನ ಆರ್ಮ್ (ಚಕ್ರವನ್ನು ಗಾಡಿಗೆ ಜೋಡಿಸುವ ತೋಳು) ಬಿಚ್ಚಿದ್ದರೆ ಅದಕ್ಕೂ ಇದೇ ಮಾತು. ಬೋಲ್ಟು ಸುಮ್ಮನೆ ತಾಗಿಸಿ, ಜ್ಯಾಕಿನಿಂದ ಚಕ್ರವನ್ನು ಗಾಡಿ ನಿಲ್ಲುವ ಎತ್ತರಕ್ಕೆ ಎತ್ತಿ, ಆಮೇಲೆ ಬಿಗಿ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ ಬಿಗಿಯಬೇಕು. ಹತ್ತು ನಿಮಿಷ ಹೆಚ್ಚು ಬೇಕು, ಅಷ್ಟೆ.

ದುಬಾಯಿಯಲ್ಲಿರುವ ನಮ್ಮೂರಿನ ಹುಡುಗರು ಫೋಟೊ ಕಳಿಸಿ ಕೇಳುವ ಗಾಡಿ ಹೆಚ್ಚಾಗಿ ಮಾಜ್ದಾ ಎಂಎಕ್ಸ್-5. 1989ರಲ್ಲಿ ಬಂದ ಎರಡು ಸೀಟಿನ ಸಣ್ಣ ಗಾಡಿ. ಮೊದಲ ಎರಡು ತಲೆಮಾರಿನದ್ದರಲ್ಲಿ ನಾಲ್ಕೂ ಚಕ್ರಕ್ಕೆ ಮೇಲೊಂದು ಕೆಳಗೊಂದು ಆರ್ಮ್, ಹಾಗಾಗಿ ಬುಷ್ಷುಗಳೂ ತುಂಬಾ. ಅದರಲ್ಲಿ ನಿಂತ ಎತ್ತರದಲ್ಲೇ ಬಿಗಿಯುವ ಈ ಮಾತು ಇನ್ನಷ್ಟು ಮುಖ್ಯ. ಅಲ್ಲಿನ ವೈರಿ ತುಕ್ಕಲ್ಲ, ಬಿಸಿಲು. ಸ್ಪ್ರಿಂಗು ಚೆನ್ನಾಗಿರುತ್ತದೆ, ರಬ್ಬರು ಒಣಗಿ ಬಿರಿದಿರುತ್ತದೆ. ಕೆಳಗಿನ ಆರ್ಮಿನ ಬೋಲ್ಟುಗಳು ಅಲೈನ್‌ಮೆಂಟ್ ಹೊಂದಿಸುವ ಬೋಲ್ಟುಗಳೂ ಹೌದು. ಬಿಚ್ಚುವ ಮೊದಲು ಪೇಂಟಿನಿಂದ ಗುರುತು ಹಾಕಿಕೊಳ್ಳಿ ಎಂದು ಅವರಿಗೆ ಬರೆಯುತ್ತೇನೆ.

ಕೆಲಸ ಮುಗಿದ ದಿನವೇ ಅಲೈನ್‌ಮೆಂಟ್ ಮಾಡಿಸಬೇಕು. ಹೊಸ ಸ್ಪ್ರಿಂಗು ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ತುಸು ಕೂರುವುದರಿಂದ ಆಮೇಲೆ ಇನ್ನೊಮ್ಮೆ ನೋಡಿಸಿದರೆ ಒಳ್ಳೆಯದು. ಮುಂಭಾಗ ಎತ್ತರವಾದದ್ದರಿಂದ ಹೆಡ್‌ಲೈಟಿನ ಬೆಳಕೂ ಮೇಲಕ್ಕೆ ಹೋಗಿರುತ್ತದೆ, ಎದುರಿನವರ ಕಣ್ಣಿಗೆ ಹೊಡೆಯದ ಹಾಗೆ ಅದನ್ನು ಇಳಿಸಿಕೊಳ್ಳಬೇಕು. ಬಿಚ್ಚಿದ ಹಳೆಯ ಸಾಮಾನನ್ನು ಕೇಳಿ ಪಡೆದು ನೋಡಿ. ಗುಜರಿಗೆ ಹಾಕುವುದಾದರೆ ಗ್ಯಾಸ್ ತುಂಬಿದ ಶಾಕ್ ಎಂದು ಹೇಳಿಯೇ ಕೊಡಿ. ಅದರ ಒಳಗೆ ಒತ್ತಡದ ನೈಟ್ರೋಜನ್ ಇದೆ, ತಿಳಿಯದೆ ಗ್ಯಾಸ್ ಕಟ್ಟರ್ ಇಟ್ಟರೆ ಸಿಡಿಯುತ್ತದೆ.