ಐದರ ಜೋಡಿಯ ಪಕ್ಕದ ಎಕ್ಕ

ತುಮಕೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವ ನಾನು, ನಿರೀಕ್ಷಿತ ಮೌಲ್ಯದ (ಮತ್ತೆ ಮತ್ತೆ ಆಡಿದರೆ ಸರಾಸರಿಯಾಗಿ ಸಿಗುವ ಮೊತ್ತದ) ಪಾಠ ಬಂದಾಗಲೆಲ್ಲ ಒಂದು ಕಟ್ಟು ಇಸ್ಪೀಟ್ ಎಲೆಗಳನ್ನು ತರಗತಿಗೆ ಒಯ್ಯುತ್ತೇನೆ. ಊರ ಕಡೆ ಅಂದರ್-ಬಾಹರ್ ನೋಡುತ್ತ ಬೆಳೆದ ಹುಡುಗರಿಗೆ ಎಲೆಗಳ ಪರಿಚಯ ಮಾಡಿಸಬೇಕಾಗಿಲ್ಲ. ವಿಡಿಯೋ ಪೋಕರ್‌ನ ನಿಯಮವನ್ನಷ್ಟೇ ಹೇಳಿದರೆ ಸಾಕು. ಯಂತ್ರ ಐದು ಎಲೆ ಹಾಕುತ್ತದೆ, ಬೇಕಾದವನ್ನು ಉಳಿಸಿಕೊಂಡು ಉಳಿದವನ್ನು ಒಮ್ಮೆ ಮಾತ್ರ ಬದಲಿಸಬಹುದು, ಕೊನೆಗೆ ಕೈಯಲ್ಲಿರುವುದಕ್ಕೆ ಪಟ್ಟಿಯಂತೆ ಹಣ. ಎದುರಾಳಿಯೇ ಇಲ್ಲವಾದ್ದರಿಂದ ಮುಖ ನೋಡಿ ಊಹಿಸುವ ಮಾತಿಲ್ಲ. ಇರುವುದು ಕಾಣದ 47 ಎಲೆಗಳ ಲೆಕ್ಕವೊಂದೇ.

‘ಜಾಕ್ಸ್ ಆರ್ ಬೆಟರ್’ ಎಂಬ ಬಗೆಯ ಪೂರ್ಣ ಪಾವತಿಯ ಪಟ್ಟಿಯಲ್ಲಿ, ಕಟ್ಟಿದ ಒಂದು ರೂಪಾಯಿಗೆ, ಗುಲಾಮ ಅಥವಾ ಅದಕ್ಕಿಂತ ಮೇಲಿನ ಜೋಡಿಗೆ 1, ಎರಡು ಜೋಡಿಗೆ 2, ಒಂದೇ ಅಂಕಿಯ ಮೂರು ಎಲೆಗೆ 3, ಐದೂ ಒಂದೇ ಜಾತಿಯವಾದರೆ, ಅಂದರೆ ಫ್ಲಷ್‌ಗೆ, 6, ಮೂರು-ಎರಡು ಕೂಡಿದ ಫುಲ್ ಹೌಸ್‌ಗೆ 9, ಒಂದೇ ಅಂಕಿಯ ನಾಲ್ಕಕ್ಕೆ 25 ರೂಪಾಯಿ ಸಿಗುತ್ತದೆ.

ಮೇಜಿನ ಮೇಲೆ ನಾನು ಇಡುವ ಕೈ ಇದು: ಎರಡು ಐದು, ಒಂದು ಎಂಟು, ಒಂದು ರಾಣಿ, ಒಂದು ಎಕ್ಕ. ಐದರ ಜೋಡಿಯ ಜೊತೆಗೆ ಎಕ್ಕವನ್ನೂ ಹಿಡಿಯಬೇಕೆಂದು ಹೆಚ್ಚಿನವರು ಹೇಳುತ್ತಾರೆ, ದೊಡ್ಡ ಎಲೆಯನ್ನು ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಜೋಡಿಯನ್ನು ಮಾತ್ರ ಹಿಡಿದರೆ ಮೂರು ಎಲೆಗಳು ಬರುವ ಬಗೆ 16,215. ಅವೆಲ್ಲವೂ ಸೇರಿ ಕೊಡುವುದು 13,356 ರೂಪಾಯಿ, ಅಂದರೆ ರೂಪಾಯಿಗೆ 82 ಪೈಸೆ. ಎಕ್ಕವನ್ನೂ ಹಿಡಿದರೆ ಎರಡು ಎಲೆಗಳು ಬರುವ ಬಗೆ 1,081, ಅವುಗಳಿಂದ ಸಿಗುವುದು 730 ರೂಪಾಯಿ, ಸುಮಾರು 67.5 ಪೈಸೆ. ಎಕ್ಕದಿಂದ ಎರಡು ಜೋಡಿಯಾಗುವ ಸಾಧ್ಯತೆ ಶೇ. 16ರಿಂದ 17ಕ್ಕೆ ಏರುವುದು ನಿಜ. ಹುಡುಗರ ಕಣ್ಣಿಗೆ ಬೀಳುವುದೂ ಅದೇ. ಆದರೆ ಮೂರನೆಯ ಐದು ಬರುವ ದಾರಿ ಕಿರಿದಾಗಿ, ಮೂರು ಐದುಗಳಷ್ಟೇ ಆಗುವ ಸಾಧ್ಯತೆ ಶೇ. 11ರಿಂದ 8ರ ಕೆಳಕ್ಕೆ ಜಾರುತ್ತದೆ, ನಾಲ್ಕು ಐದುಗಳ ಆಸೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ.

ಇದಾದ ಮೇಲೆ ಆಟೀನಿನ ನಾಲ್ಕು ಎಲೆಗಳಿರುವ ಕೈಯನ್ನು ಇಡುತ್ತೇನೆ. ಐದನೆಯ ಆಟೀನು ಬರಲು ಉಳಿದಿರುವುದು 47ರಲ್ಲಿ 9 ಎಲೆ. 6 ರೂಪಾಯಿಯಂತೆ ಅದರ ಬೆಲೆಯೇ 1.15 ರೂಪಾಯಿ. ಅದೇ ಕೈಯಲ್ಲಿ ಐದರ ಜೋಡಿ ಇದ್ದರೆ ಜೋಡಿಯನ್ನು ಒಡೆದು ಆಟೀನುಗಳನ್ನು ಹಿಡಿಯಬೇಕು. ಜೋಡಿ ರಾಣಿಯರದಾಗಿದ್ದರೆ ಅದರ ಬೆಲೆ 1.54 ರೂಪಾಯಿ, ಹಾಗಾಗಿ ಆಟೀನುಗಳನ್ನೇ ಬಿಡಬೇಕು. ಆಗಲೇ ಕೈಗೆ ಬಂದಿರುವ ಫ್ಲಷ್ ಅನ್ನು ಒಡೆಯುವ ಸಂದರ್ಭವೂ ಒಂದುಂಟು: ಅದರಲ್ಲಿ ನಾಲ್ಕು ಎಲೆಗಳು ರಾಯಲ್ ಫ್ಲಷ್‌ನವಾಗಿದ್ದು (ಒಂದೇ ಜಾತಿಯ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಕೂಡಿದರೆ ರಾಯಲ್ ಫ್ಲಷ್), ಐದು ನಾಣ್ಯ ಕಟ್ಟಿದವನಿಗೆ ಅದು ನಾಣ್ಯಕ್ಕೆ 800 ಕೊಡುವಂತಿದ್ದರೆ, 47ರಲ್ಲಿ ಒಂದೇ ಎಲೆಯ ಆಸೆ ಕೂಡ 17ಕ್ಕೆ ಸಮನಾಗಿ, ಕೈಯಲ್ಲಿರುವ 6ನ್ನು ಮೀರುತ್ತದೆ. ಇದನ್ನು ಕೇಳಿದಾಗ ತರಗತಿ ತುಸು ಗದ್ದಲವಾಗುತ್ತದೆ.

ಎಲೆ ಮುಟ್ಟುವ ಮೊದಲೇ ಪಟ್ಟಿಯ ಎರಡು ಸಾಲುಗಳನ್ನು ಓದಬೇಕೆಂದು ನಾನು ಒತ್ತಿ ಹೇಳುವುದುಂಟು. ಫುಲ್ ಹೌಸ್‌ಗೆ 9, ಫ್ಲಷ್‌ಗೆ 6 ಇರುವ ಯಂತ್ರದಲ್ಲಿ ಒಂದು ತಪ್ಪೂ ಇಲ್ಲದೆ ಆಡಿದವನಿಗೆ ನೂರಕ್ಕೆ ಸರಾಸರಿ 99.54 ಮರಳುತ್ತದೆ, ಅವು 8 ಮತ್ತು 5 ಆಗಿರುವಲ್ಲಿ ಅದು 97.30. ಐದರ ಜೋಡಿ, ಎಕ್ಕ, ಆಟೀನು ಎಲ್ಲವನ್ನೂ ಚಾಚೂತಪ್ಪದೆ ಹಿಡಿದರೂ ನಡುವಿನ ಆ ಎರಡು ರೂಪಾಯಿ ಚಿಲ್ಲರೆ ವಾಪಸು ಬರುವುದಿಲ್ಲ.