ಶೆಟ್ಟಿಹಳ್ಳಿ ಚರ್ಚ್ ಹಡಗಿನಂತೆ ಕಾಣುವುದಕ್ಕೆ ಮುಂಚೆ ಏನಾಗಿತ್ತು?

ಮಳೆಗಾಲ ಬಂದರೆ ಸಾಕು, ಹಾಸನದ ಶೆಟ್ಟಿಹಳ್ಳಿ ಚರ್ಚಿನ ಫೋಟೊಗಳು ಮೊಬೈಲ್ ತುಂಬಾ ಓಡಾಡುತ್ತವೆ. ಹೇಮಾವತಿ ಹಿನ್ನೀರಿನ ನಡುವೆ ಲಂಗರು ಹಾಕಿದ ಹಡಗಿನ ಹಾಗೆ ನಿಂತಿರುತ್ತದೆ. ಜೊತೆಗೆ ಬರುವ ಕಥೆಗಳೂ ಜಾಸ್ತಿ. ಹಾಗಾಗಿ ಮೊದಲಿಂದ ನೋಡೋಣ.

ಬೇಕಂತಲೇ ಹಡಗಿನ ಆಕಾರದಲ್ಲಿ ಕಟ್ಟಿದವು ಬೇರೆ ಇವೆ. ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್‌ನಲ್ಲಿ 1920ರ ದಶಕದ ಕೊನೆಗೆ ಹಳೇ ಮರದಿಂದ ಎರಡು ದೋಣಿಮನೆಗಳು ಎದ್ದವು. ಪೆನ್ಸಿಲ್ವೇನಿಯಾದ ಬೆಟ್ಟದ ರಸ್ತೆಯಲ್ಲಿ 1932ರಲ್ಲಿ ಹಡಗಿನ ಹೋಟೆಲ್ ಶುರುವಾಯಿತು, 2001ರಲ್ಲಿ ಸುಟ್ಟುಹೋಯಿತು. ಲಾಸ್ ಏಂಜಲೀಸ್‌ನ ಕೋಕಾ-ಕೋಲಾ ಕಾರ್ಖಾನೆಗೂ 1930ರ ದಶಕದಲ್ಲಿ ಹಡಗಿನ ದುಂಡು ಕಿಟಕಿಗಳು ಬಂದವು. ಆಗ ಅದೇ ಫ್ಯಾಷನ್. ಮುಂಬೈನ ಮರೀನ್ ಡ್ರೈವ್ ಮನೆಗಳ ಬಾಗಿದ ಬಾಲ್ಕನಿಗಳಲ್ಲೂ ಅದರ ಗುರುತು ಇದೆ.

ಶೆಟ್ಟಿಹಳ್ಳಿಯದು ಹಾಗಲ್ಲ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಗೋಥಿಕ್ ಶೈಲಿಯಲ್ಲಿ ಕಟ್ಟಿಸಿದ ರೋಸರಿ ಚರ್ಚ್ ಅದು. ಸುತ್ತ ಊರಿತ್ತು, ಹೊಲ ಇತ್ತು. ನೂರು ವರ್ಷಕ್ಕೂ ಮೀರಿ ಜನ ಅಲ್ಲಿ ಪ್ರಾರ್ಥನೆ ಮಾಡಿದರು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. 37 ಟಿಎಂಸಿ ನೀರು ನಿಲ್ಲಬೇಕಾದರೆ ಹಲವು ಹಳ್ಳಿಗಳು ಏಳಬೇಕಾಯಿತು. ಮಂಡ್ಯ, ತುಮಕೂರಿನ ನಾಲೆಗಳಿಗೆ ಆ ನೀರು ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಜನ ಗಂಟುಮೂಟೆ ಕಟ್ಟಿಕೊಂಡು ಹೋದರು. ಚರ್ಚ್ ಅಲ್ಲೇ ಉಳಿಯಿತು.

ಬೇಸಿಗೆಯಲ್ಲಿ ಹತ್ತಿರ ಹೋಗಿ ನೋಡಬೇಕು. ಸೂರಿಲ್ಲ. ಗಾರೆ ಉದುರಿ ಇಟ್ಟಿಗೆ ಬಯಲಾಗಿದೆ. ನೀರು ನಿಂತು ಇಳಿದ ಗೆರೆಗಳು ಗೋಡೆಯ ಮೇಲೆ ಸಾಲಾಗಿ ಕಾಣುತ್ತವೆ. ಕೈಗೆ ಎಟುಕುವಷ್ಟು ಎತ್ತರದವರೆಗೂ ಪ್ರೇಮಿಗಳ ಹೆಸರು ಕೆತ್ತಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಬರೀ ನೀರಿನಲ್ಲೇ ಇದ್ದಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲವೇನೋ. ವರ್ಷಕ್ಕೊಮ್ಮೆ ನೆನೆದು, ಮತ್ತೆ ಬಿಸಿಲಿಗೆ ಒಣಗುವುದೇ ಸುಣ್ಣದ ಗಾರೆಗೆ ಕಂಟಕ. ಒಂದೊಂದೇ ಭಾಗ ಕುಸಿಯುತ್ತಾ ಬಂದಿದೆ. ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಆರುವುದಿಲ್ಲ, ಇಟ್ಟಿಗೆ ಇನ್ನೂ ಬೇಗ ಪುಡಿಯಾಗುತ್ತದೆ. ಸುಣ್ಣದಲ್ಲೇ ರಿಪೇರಿ ಆಗಬೇಕು. ಅದೂ ನೀರು ಇಳಿದ ನಾಲ್ಕೈದು ತಿಂಗಳೊಳಗೆ. ಈಗ ಆ ತಿಂಗಳುಗಳಲ್ಲಿ ಅಲ್ಲಿಗೆ ಬರುವುದು ಪ್ರವಾಸಿಗರ ಕಾರುಗಳು ಮಾತ್ರ.